ಬ್ರಿಟನ್ನಿನಲ್ಲಿ ಮನೆಗೆ ಎಕಾನಮಿ 7 (ರಾತ್ರಿ 7 ಗಂಟೆ ಅಗ್ಗದ ದರ ಇರುವ) ಕರೆಂಟು ಲಾಭವೋ, ದಿನವಿಡೀ ಒಂದೇ ದರದ್ದೋ?

ರಾತ್ರಿ ಹೊತ್ತು ಕರೆಂಟು ಎಳೆಯುವ ದೊಡ್ಡ ಸಾಧನ ಮನೆಯಲ್ಲಿ ಇಲ್ಲದಿದ್ದರೆ ಒಂದೇ ದರದ್ದೇ ವಾಸಿ. ಸ್ಟೋರೇಜ್ ಹೀಟರ್ (ರಾತ್ರಿ ಇಟ್ಟಿಗೆ ಕಾಯಿಸಿಟ್ಟು ಹಗಲು ಶಾಖ ಬಿಡುವಂಥದ್ದು), ಬಿಸಿನೀರಿನ ಟ್ಯಾಂಕು ಅಥವಾ ಎಲೆಕ್ಟ್ರಿಕ್ ಕಾರು ಇದ್ದರೆ ಎಕಾನಮಿ 7 ಯೋಚಿಸಬಹುದು.

ಅದರಲ್ಲಿ ರಾತ್ರಿಯ 7 ಗಂಟೆ ಅಗ್ಗ ನಿಜ, ಆದರೆ ಉಳಿದ 17 ಗಂಟೆಯ ದರ ಸಾಮಾನ್ಯವಾಗಿ ಮಾಮೂಲಿಗಿಂತ ಜಾಸ್ತಿ. ಒಂದೇ ದರ ಯೂನಿಟ್ಟಿಗೆ 25 ಪೆನ್ಸ್, ಎಕಾನಮಿ 7ರಲ್ಲಿ ಹಗಲು 30, ರಾತ್ರಿ 15 ಅಂತ ಇಟ್ಟುಕೊಳ್ಳಿ. ಹಗಲಿನ ಪ್ರತಿ ಯೂನಿಟ್ಟಿಗೆ 5 ಪೆನ್ಸ್ ಜಾಸ್ತಿ ಬೀಳುತ್ತದೆ, ರಾತ್ರಿಯದಕ್ಕೆ 10 ಉಳಿಯುತ್ತದೆ. ಅಂದರೆ ಬಳಕೆಯ ಮೂರನೇ ಒಂದು ಭಾಗ ರಾತ್ರಿಗೆ ಬಿದ್ದರೆ ಸರಿಸಮ. ಅದಕ್ಕಿಂತ ಹೆಚ್ಚಾದರೆ ಮಾತ್ರ ಉಳಿತಾಯ. ನಿಮ್ಮ ಬಿಲ್ಲಿನ ದರಗಳನ್ನು ಹಾಕಿ ಇದೇ ಲೆಕ್ಕ ಮಾಡಿ.

ಇದು ಅಂದುಕೊಂಡಷ್ಟು ಸುಲಭವಲ್ಲ. ಇಡೀ ದಿನ ಓಡುವ ಫ್ರಿಜ್ಜು ಕೂಡ ಆ 7 ಗಂಟೆಯಲ್ಲಿ ತಿನ್ನುವುದು ತನ್ನ ದಿನದ ಬಳಕೆಯ ಸುಮಾರು ಶೇ. 29, ಅಂದರೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಸಂಜೆಯ ಅಡುಗೆ, ಟೀವಿ ಎಲ್ಲ ದುಬಾರಿ ಹೊತ್ತಿನದ್ದೇ.

ತೆಗೆದುಕೊಂಡರೆ ಮೀಟರಿನ ಸಮಯ ಕೇಳಿಕೊಳ್ಳಿ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಟ್ಟರೂ ಎಷ್ಟೋ ಹಳೆಯ ಮೀಟರುಗಳು ಬದಲಾಗುವುದಿಲ್ಲ. 12ಕ್ಕೆ ಶುರುವಾಗುತ್ತಿದ್ದ ಅಗ್ಗದ ಹೊತ್ತು ಆಗ 1ಕ್ಕೆ ಶುರು.