ಮಗ ಅಪಘಾತದ ವಿಡಿಯೋ ನೋಡಿ ಬೆಚ್ಚುವುದಿಲ್ಲ ಅಂದಿರಲ್ಲ

ಅಕ್ಕಾರೆ, ಸಿಂಧನೂರು ರಸ್ತೆಯ ಅಪಘಾತದ ವಿಡಿಯೋ ನೋಡುತ್ತಾ ನಿಮ್ಮ 9 ವರ್ಷದ ಮಗ ಆರಾಮಾಗಿ ರೊಟ್ಟಿ ತಿನ್ನುತ್ತಿದ್ದ, ಅವನ ಮನಸ್ಸು ಕಲ್ಲಾಯಿತಾ ಅಂತ ಕೇಳಿದ್ದೀರಿ. ಹಾಗೇನಿಲ್ಲ, ರೂಢಿಯಾಗಿದೆ ಅಷ್ಟೇ. ಆದರೂ ನಿಮ್ಮ ಚಿಂತೆ ಸರಿಯಾಗಿದೆ.

ಭಯದ ದೃಶ್ಯ ಮೊದಲ ಸಲ ಕಂಡಾಗ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಪದೇಪದೇ ಕಂಡು, ನಮಗೇನೂ ಆಗದಿದ್ದರೆ ಮೈ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ 20 ನಿಮಿಷ ವಿಡಿಯೋ ಗೇಮ್ ಆಡಿಸಿ, ಆಮೇಲೆ ನಿಜವಾದ ಹಿಂಸೆಯ ದೃಶ್ಯ ತೋರಿಸಿದರು. ಹೊಡಿ ಬಡಿ ಗೇಮ್ ಆಡಿದವರ ಎದೆಬಡಿತ ಉಳಿದವರಿಗಿಂತ ಕಡಿಮೆ ಇತ್ತು. ಹಾಗಂತ ನಿಮ್ಮ ಮಗ ನಾಳೆ ಯಾರನ್ನೋ ಹೊಡೆಯುತ್ತಾನೆ ಅಂತಲ್ಲ. ಆ ವಿಷಯದಲ್ಲಿ ಸಂಶೋಧಕರಲ್ಲೇ ಜಗಳ ಇದೆ. ನನಗೆ ಹೆದರಿಕೆ ಆಗುವುದು, ರಸ್ತೆಯಲ್ಲಿ ಬಿದ್ದವರನ್ನು ಎತ್ತುವ ಮುಂಚೆ ಮೊಬೈಲ್ ತೆಗೆಯುವವರನ್ನು ನೋಡಿದಾಗ.

ನಮ್ಮ ಬಯಲಾಟದಲ್ಲೂ ರಕ್ಕಸ ಸಾಯುತ್ತಾನೆ ಅಲ್ವಾ? ಅಲ್ಲಿ ಊರೇ ಜೊತೆಗಿರುತ್ತದೆ. ಸಾವಿಗೆ ಒಂದು ಕಥೆ ಇರುತ್ತದೆ, ಅಳುವವರಿರುತ್ತಾರೆ. ಮೊಬೈಲಿನ ಸಾವಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಬೆರಳು ಸರಿಸಿದರೆ ನಗಿಸುವ ವಿಡಿಯೋ.

ಫೋನ್ ಕಿತ್ತುಕೊಂಡರೆ ಗೆಳೆಯನ ಫೋನಿನಲ್ಲಿ ನೋಡುತ್ತಾನೆ. ಅದರ ಬದಲು ಪಕ್ಕ ಕೂತು ಕೇಳಿ: "ಈ ಬೈಕಿನವನ ಮನೇಲಿ ಯಾರ್‍ಯಾರಿದ್ದಾರೋ ಏನೋ?" ಅವನೇ ಮಾತಾಡಲಿ, ನೀವು ಬೈಯಬೇಡಿ. ಊಟದ ಹೊತ್ತಿಗೆ ಯಾರ ಕೈಯಲ್ಲೂ ಫೋನ್ ಬೇಡ, ದೊಡ್ಡವರದ್ದೂ ಸೇರಿ. ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಇಂಥವನ್ನು ಹಾಕುವ ಮಾವ, ಚಿಕ್ಕಪ್ಪಂದಿರಿಗೂ ಗಟ್ಟಿಯಾಗಿ ಹೇಳಿ. ಸಿನಿಮಾಗಳಿಗೆ 2024ರ ನಿಯಮದಂತೆ ಯುಎ 7+, 13+, 16+ ಅಂತ ವಯಸ್ಸಿನ ಗುರುತು ಬಂದಿದೆ (ಅದಕ್ಕಿಂತ ಚಿಕ್ಕ ಮಕ್ಕಳಿಗೆ ತೋರಿಸಬೇಕೋ ಬೇಡವೋ ಅಂತ ಹೆತ್ತವರು ಯೋಚಿಸಬೇಕು), ಟಿಕೆಟ್ ತೆಗೆಯುವ ಮುಂಚೆ ನೋಡಿಕೊಳ್ಳಿ.