ಶುಂಠಿ ರಸವನ್ನೂ ನಿಂಬೆ ರಸವನ್ನೂ ಒಂದೇ ಟ್ರೇಗೆ ಸುರಿಯಬೇಡಿ

ಮೇಡಂ, ಹಿತ್ತಲಲ್ಲಿ ಬೆಳೆದ ಶುಂಠಿ ಮತ್ತು ಹಸಿ ಅರಿಶಿನದ ಜೊತೆಗೆ 8 ನಿಂಬೆಹಣ್ಣು, 2 ಕಿತ್ತಳೆಹಣ್ಣುಗಳನ್ನು ಸಿಪ್ಪೆ, ಬೀಜ ಸಮೇತ ಹೆಚ್ಚಿ, ಮಿಕ್ಸಿಯಲ್ಲಿ ರುಬ್ಬಿ, ಕುದಿಸಿ, ಸೋಸಿ, ಜೇನು ಬೆರೆಸಿ ಫ್ರೀಜರ್‌ನಲ್ಲಿ ಮೂರು ಟ್ರೇಗಳಲ್ಲಿ ಗಟ್ಟಿ ಮಾಡಿದ್ದಾಗಿ ಪೋಸ್ಟಿನಲ್ಲಿ ಬರೆದಿದ್ದೀರಿ. ರುಬ್ಬಿದಾಗ ಚೆನ್ನಾಗಿದ್ದದ್ದು ವಾರ ಕಳೆಯುವಷ್ಟರಲ್ಲಿ ಬಾಯಿಗಿಡಲಾರದಷ್ಟು ಕಹಿಯಾಗಿದೆ, ಲೋಟದ ತಳದಲ್ಲಿ ಗಂಜಿಯಂತೆ ಏನೋ ನಿಲ್ಲುತ್ತದೆ ಎಂಬುದು ನಿಮ್ಮ ದೂರು. ಕೆಳಗೆ ಉತ್ತರಿಸಿದವರಲ್ಲಿ ಒಬ್ಬರು ಅರಿಶಿನ ಹೆಚ್ಚಾಯಿತು ಎಂದಿದ್ದಾರೆ, ಇನ್ನೊಬ್ಬರು ಫ್ರೀಜರ್ ಮೇಲೆ ಅನುಮಾನಪಟ್ಟಿದ್ದಾರೆ. ಎರಡೂ ಕಾರಣವಲ್ಲ. ನಮ್ಮ ಮನೆಯಲ್ಲೂ ಮೊದಮೊದಲು ಹೀಗೆಯೇ ಆಗುತ್ತಿದ್ದುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕಹಿಗೆ ಕಾರಣ ನಿಂಬೆ ಮತ್ತು ಕಿತ್ತಳೆ. ಚಕ್ಕೋತದ ಕಹಿ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ಅದು ನರಿಂಜಿನ್ ಎಂಬ ವಸ್ತುವಿನದು. ಕಿತ್ತಳೆ, ಮೂಸಂಬಿ, ನಿಂಬೆಗಳಲ್ಲಿ ತಡವಾಗಿ ಕಾಣಿಸಿಕೊಳ್ಳುವ ಇನ್ನೊಂದು ಕಹಿಯಿದೆ, ಅದರ ಹೆಸರು ಲಿಮೋನಿನ್. ಹಣ್ಣು ಇಡಿಯಾಗಿರುವಾಗ ಅದು ಕಹಿಯಿಲ್ಲದ ಬೇರೊಂದು ರೂಪದಲ್ಲಿ ಸಿಪ್ಪೆಯ ಒಳಗಿನ ಬಿಳಿ ಭಾಗದಲ್ಲಿ, ತೊಳೆಯ ಪೊರೆಯಲ್ಲಿ ಅಡಗಿರುತ್ತದೆ. ಹಿಂಡಿದಾಗಲೋ ರುಬ್ಬಿದಾಗಲೋ ಅದು ಹುಳಿಯ ಜೊತೆ ಸೇರಿ, ಗಂಟೆಗಳು ಉರುಳಿದಂತೆ ನಿಧಾನವಾಗಿ ಕಹಿಯಾಗುತ್ತದೆ. ಬಿಸಿ ತಗುಲಿದರೆ ಇನ್ನೂ ಬೇಗ. ಬೀಜದಲ್ಲಂತೂ ಈ ಕಹಿ ಧಾರಾಳವಾಗಿದೆ, ಮಿಕ್ಸಿಯ ಬ್ಲೇಡು ಬೀಜವನ್ನು ಒಡೆಯದೆ ಬಿಡುವುದಿಲ್ಲ. ನೀವು ಸಿಪ್ಪೆ ಮತ್ತು ಬೀಜಗಳನ್ನು ರುಬ್ಬಿದ್ದಲ್ಲದೆ ಕುದಿಸಿಯೂ ಬಿಟ್ಟಿರಿ. ಕಹಿಯಾಗುವುದಕ್ಕೆ ಬೇಕಾದ ಎಲ್ಲ ಅನುಕೂಲವನ್ನೂ ಮಾಡಿಕೊಟ್ಟಂತಾಯಿತು. ‘ಸಿಪ್ಪೆಯಲ್ಲೇ ಸತ್ವವಿದೆ, ಏನನ್ನೂ ಎಸೆಯಬೇಡಿ’ ಎಂದು ವಿಡಿಯೊ ಮಾಡುವವರು ಆ ಕ್ಷಣಕ್ಕೆ ಕುಡಿದು ತೋರಿಸುತ್ತಾರೆಯೇ ಹೊರತು ಮರುದಿನ ಕುಡಿದು ತೋರಿಸುವುದಿಲ್ಲ.

ಆದ್ದರಿಂದ ಗೆಡ್ಡೆಯ ರಸ ಒಂದು ಟ್ರೇಯಲ್ಲಿ, ನಿಂಬೆಯ ರಸ ಇನ್ನೊಂದು ಟ್ರೇಯಲ್ಲಿ ಇರಬೇಕು. ಎರಡೂ ಕೂಡಬೇಕಾದದ್ದು ಲೋಟದಲ್ಲಿ ಮಾತ್ರ. ಶುಂಠಿಗೆ ಕುದಿ ಬೇಕು, ನಿಂಬೆಗೆ ಕುದಿ ಬೇಡ. ಸಿ ಜೀವಸತ್ವಕ್ಕೆಂದು ನಿಂಬೆ ಹಾಕಿ ಅದನ್ನು ಒಲೆಯ ಮೇಲೆ ಕುದಿಸಿದರೆ ಆ ಸತ್ವದಲ್ಲಿ ಸಾಕಷ್ಟನ್ನು ನಾವೇ ಕಳೆದುಕೊಳ್ಳುತ್ತೇವೆ. ಬೇರೆ ಬೇರೆ ಇದ್ದರೆ ಹುಳಿ ಆಗದವರಿಗೆ ಶುಂಠಿಯ ತುಂಡನ್ನಷ್ಟೇ ಕೊಡಬಹುದು, ಚಹಾಕ್ಕೂ ತಂಬುಳಿಗೂ ಅದೇ ಒದಗುತ್ತದೆ.

ಈಗ ಗಂಜಿಯ ವಿಷಯಕ್ಕೆ ಬರುತ್ತೇನೆ. ಯಾವ ವಿಡಿಯೊದಲ್ಲೂ ಇದನ್ನು ಹೇಳುವುದನ್ನು ನಾನು ಕಂಡಿಲ್ಲ. ಶುಂಠಿಯನ್ನು ನಾರಿಗೆ ಅಡ್ಡವಾಗಿ ತೆಳುವಾಗಿ ಬಿಲ್ಲೆ ಹೆಚ್ಚಬೇಕು. ಉದ್ದುದ್ದ ಹೆಚ್ಚಿದರೆ ನಾರು ಬ್ಲೇಡಿಗೆ ಸುತ್ತಿಕೊಂಡು ಮೋಟಾರು ಬಿಸಿಯಾಗುತ್ತದೆ. 250 ಗ್ರಾಂ ಶುಂಠಿಗೆ 250 ಮಿಲಿ ನೀರನ್ನು ಎರಡು ಸಲವಾಗಿ ಹಾಕಿ ನುಣ್ಣಗೆ ರುಬ್ಬಿ, ತೆಳು ಪಂಚೆಯ ಬಟ್ಟೆಯಲ್ಲಿ ಹಿಂಡಿ. ಆ ರಸವನ್ನು ಗಾಜಿನ ಪಾತ್ರೆಯಲ್ಲಿ ಅಲುಗಾಡಿಸದೆ 20 ನಿಮಿಷ ಇಡಿ. ಮೇಲೆ ಜೇನಿನ ಬಣ್ಣದ ತಿಳಿ ನಿಲ್ಲುತ್ತದೆ, ತಳದಲ್ಲಿ ಬೂದು ಬಿಳುಪಿನ ಹಿಟ್ಟು ಗಟ್ಟಿಯಾಗಿ ಕೂರುತ್ತದೆ. ಪಾತ್ರೆಯನ್ನು ಓರೆ ಮಾಡಿದರೆ ತಿಳಿ ಹರಿದು ಬರುತ್ತದೆ, ಹಿಟ್ಟು ಜಾಗ ಬಿಟ್ಟು ಕದಲುವುದಿಲ್ಲ. ಚಮಚದಿಂದ ಕೆರೆದು ಬೆರಳಲ್ಲಿ ಉಜ್ಜಿ ನೋಡಿದರೆ ಕಾರ್ನ್‌ಫ್ಲೋರ್‌ನಂತೆ ಕಿರುಗುಟ್ಟುತ್ತದೆ. ಅದು ಶುಂಠಿಯ ಪಿಷ್ಟ. ಅದನ್ನು ಬೇರ್ಪಡಿಸದೆ ಒಲೆಗಿಟ್ಟರೆ ರಸ ಅಂಬಲಿಯಂತಾಗಿ ತಳ ಹಿಡಿಯುತ್ತದೆ. ನಿಮ್ಮ ಲೋಟದ ತಳದಲ್ಲಿ ನಿಂತದ್ದೂ ಅದೇ ಬೆಂದ ಪಿಷ್ಟ. ಬಸಿದ ತಿಳಿಯನ್ನು ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 5 ನಿಮಿಷ ಕುದಿಸಿ, ಪೂರ್ತಿ ಆರಿದ ಮೇಲೆ ಟ್ರೇಗೆ ಹಾಕಿ. ತುಂಡಿಗೆ 15 ಮಿಲಿಯಂತೆ ಹಿಡಿದರೆ ಸುಮಾರು 25 ತುಂಡುಗಳಾಗುತ್ತವೆ. ಪಿಷ್ಟವನ್ನು ಎಸೆಯಬೇಕಾಗಿಲ್ಲ, ಅಂದಿನ ಸಾರಿಗೆ ಕದಡಿ ಹಾಕಬಹುದು. ಹಿಂಡಿದ ನಾರನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಕಷಾಯದ ಪುಡಿಗೆ ಸೇರಿಸಿ.

ಕುದಿಸಿದರೆ ಶುಂಠಿಯ ಗುಣ ಹೋಗುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹಸಿ ಶುಂಠಿಯ ಖಾರ ಜಿಂಜೆರಾಲ್ ಎಂಬುದರದ್ದು. ಒಣಗಿಸಿದಾಗ ಮತ್ತು ಬಿಸಿ ಮಾಡಿದಾಗ ಅದರಲ್ಲಿ ಒಂದಷ್ಟು ಶೋಗಾಲ್ ಆಗುತ್ತದೆ, ಅದು ಜಿಂಜೆರಾಲ್‌ಗಿಂತ ಖಾರ. ಒಣಶುಂಠಿ ಗಂಟಲಿಗೆ ಬೇರೆ ರೀತಿ ಹತ್ತುವುದು ಇದರಿಂದಲೇ. 5 ನಿಮಿಷದ ಕುದಿಯಿಂದ ಖಾರವೇನೂ ಮಾಯವಾಗುವುದಿಲ್ಲ. ಕುದಿಸುವುದಕ್ಕೆ ನನ್ನ ಮುಖ್ಯ ಕಾರಣ ಮಣ್ಣು. ಎಷ್ಟು ತಿಕ್ಕಿ ತೊಳೆದರೂ ಶುಂಠಿಯ ಕವಲಿನ ಸಂದಿಯಲ್ಲಿ ಮಣ್ಣು ಉಳಿಯುತ್ತದೆ, ಫ್ರೀಜರ್ ಸೂಕ್ಷ್ಮಜೀವಿಗಳನ್ನು ಮಲಗಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಇನ್ನೊಂದು ಕಾರಣ ಹಾಲು. ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಒಂದು ಕಿಣ್ವವಿದೆ. ಚೀನಾದ ಗುವಾಂಗ್‌ಡಾಂಗ್ ಕಡೆಯವರು ಇದೇ ಕಿಣ್ವದಿಂದ ಬಿಸಿ ಹಾಲನ್ನು ಹೆಪ್ಪುಗಟ್ಟಿಸಿ ಸಿಹಿ ತಿನಿಸು ಮಾಡುತ್ತಾರೆ. ಕುದಿಸದ ಶುಂಠಿ ತುಂಡನ್ನು ಬೆಚ್ಚಗಿನ ಹಾಲಿಗೆ ಹಾಕಿ, ಒಡೆದ ಮೇಲೆ ನಂದಿನಿ ಪ್ಯಾಕೆಟ್ಟನ್ನು ಬೈಯುವವರನ್ನು ನೋಡಿದ್ದೇನೆ. ಹಾಲಿನದು ಏನೂ ತಪ್ಪಿಲ್ಲ.

ಶುಂಠಿಯ ತಳಿಯನ್ನೂ ಗಮನಿಸಿ. ಹಾಸನ, ಕೊಡಗು, ಶಿವಮೊಗ್ಗ ಕಡೆ ಹೆಚ್ಚಾಗಿ ಸಿಗುವ ರಿಗೋಡಿ ದಪ್ಪ ಗೆಡ್ಡೆಯದು, ನಾರು ಕಡಿಮೆ, ರಸ ಹೆಚ್ಚು. ಈ ಕೆಲಸಕ್ಕೆ ಅದೇ ಸುಲಭ. ಎಳೆ ಶುಂಠಿಯ ತುದಿ ಗುಲಾಬಿಯಾಗಿದ್ದರೆ ನಿಂಬೆ ಬಿದ್ದಾಗ ರಸವೂ ನಸುಗೆಂಪಾಗಬಹುದು, ಗಾಬರಿ ಬೇಡ. ಆದರೆ ಹುಳುಕು ವಾಸನೆ ಬರುವ, ಒತ್ತಿದರೆ ನೀರು ಬಿಡುವ ಗೆಡ್ಡೆಯ ಕೊಳೆತ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಬಳಸುವ ಜಿಪುಣತನವನ್ನು ದಯವಿಟ್ಟು ಮಾಡಬೇಡಿ. ಅದಕ್ಕಿಂತ ಮುಖ್ಯವಾದದ್ದು ಬಿತ್ತನೆಯ ಶುಂಠಿ. ಬೀಜೋಪಚಾರಕ್ಕೆ ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕ ಬೆರೆಸಿ ಅರ್ಧ ಗಂಟೆ ಅದ್ದಿಡುವುದು ನಮ್ಮಲ್ಲಿ ರೂಢಿ. ನಾಟಿ ಮಾಡಿ ಉಳಿದ ಆ ಗೆಡ್ಡೆಗಳು ಅಡುಗೆಮನೆಗೆ ಬರಲೇಕೂಡದು; ತೊಳೆದರೆ ಹೋಗುತ್ತದೆ ಎಂಬ ಧೈರ್ಯವೂ ಬೇಡ. ನೀವು ಪೋಸ್ಟಿನಲ್ಲಿ ‘ಬಿತ್ತಿ ಮಿಕ್ಕಿದ್ದು’ ಎಂದು ಬರೆದಿದ್ದೀರಿ. ಅದು ಉಪಚಾರ ಮಾಡಿದ ಗೆಡ್ಡೆಯೇ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಹೌದಾದರೆ ಮೂರೂ ಟ್ರೇಗಳನ್ನು ಚೆಲ್ಲಿ, ಉಳಿಸುವ ಉಪಾಯವನ್ನು ನನ್ನ ಹತ್ತಿರ ಕೇಳಬೇಡಿ.

ಹಸಿ ಅರಿಶಿನಕ್ಕೆ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಕಾಲ ಒಳ್ಳೆಯದು. 250 ಗ್ರಾಂ ಶುಂಠಿಗೆ 50 ಗ್ರಾಂ ಅರಿಶಿನ ಸಾಕು. ಕಲ್ಲಿಕೋಟೆಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಪ್ರತಿಭಾ’ದಂತಹ, ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕುರ್ಕುಮಿನ್ ಅಂಶ ಶೇ. 6ರಷ್ಟಿರುವ ತಳಿಯಾದರೆ ಇನ್ನೂ ಕಡಿಮೆ ಹಾಕಿ. ಕುರ್ಕುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ ಜೊತೆಗಿದ್ದರೆ ದೇಹಕ್ಕೆ ಹೆಚ್ಚು ಹತ್ತುತ್ತದೆ. ಹಾಗಾಗಿ ನಾವು ಇದನ್ನು ಖಾಲಿ ಹೊಟ್ಟೆಯಲ್ಲಿ ಕುಡಿಯದೆ ತಿಂಡಿಯಾದ ಮೇಲೆ, ಆಗಷ್ಟೇ ಕುಟ್ಟಿದ ಎರಡು ಮೂರು ಮೆಣಸಿನ ಕಾಳು ಹಾಕಿ ಕುಡಿಯುತ್ತೇವೆ. ಮೆಣಸನ್ನು ತುಂಡಿನಲ್ಲೇ ಸೇರಿಸಿ ಗಟ್ಟಿ ಮಾಡಿದರೆ ಅದರ ಘಮ ಸತ್ತುಹೋಗುತ್ತದೆ. ಅರಿಶಿನದ ಕಲೆಗೆ ಸೋಪು ಹಾಕಿದ ತಕ್ಷಣ ಕೆಂಪಾಯಿತೆಂದು ಹೆದರಬೇಡಿ, ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುತ್ತದೆ. ಸುಣ್ಣ ಸೇರಿ ಓಕುಳಿ ಕೆಂಪಾಗುವುದೂ ಇದೇ ಕಾರಣಕ್ಕೆ. ಟ್ರೇಯನ್ನು ತೊಳೆದು ಎರಡು ದಿನ ಬಿಸಿಲಿಗಿಡಿ, ಬೆಳಕಿಗೆ ಅರಿಶಿನದ ಬಣ್ಣ ತಾನಾಗಿ ಮಾಸುತ್ತದೆ.

ನಿಂಬೆಗೆ ಮಿಕ್ಸಿ ಬೇಡ, ಕೈ ಸಾಕು. ಅಡ್ಡ ಕೊಯ್ದು ಬೀಜ ತೆಗೆದು ಮೆತ್ತಗೆ ಹಿಂಡಿ. ಕೊನೆಯ ಹನಿಯ ಆಸೆಗೆ ಬಿಳಿ ಭಾಗವನ್ನು ತಿರುಚಿ ತಿರುಚಿ ಹಿಂಡಿದರೆ ಮತ್ತೆ ಕಹಿಯೇ. ಸೋಸಿ, ನೀರು ಬೆರೆಸದೆ, ಹಿಂಡಿದ ಅರ್ಧ ಗಂಟೆಯೊಳಗೆ ಟ್ರೇಗೆ ಹಾಕಿ ಮುಚ್ಚಿ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಈ ಹುಳಿಯ ಹತ್ತಿರ ತರಬೇಡಿ. ಬೇಸಿಗೆಯಲ್ಲಿ ನಿಂಬೆಯ ಬೆಲೆ ಗಗನಕ್ಕೇರುವುದು ಎಲ್ಲರಿಗೂ ಗೊತ್ತು, ಅಗ್ಗವಿದ್ದಾಗ ಹೀಗೆ ಮಾಡಿಟ್ಟುಕೊಂಡರೆ ಪಾನಕಕ್ಕೂ ಆಗುತ್ತದೆ. ಘಮ ಬೇಕಿದ್ದರೆ ಗಜನಿಂಬೆಯ ಮೇಲಿನ ಹಸಿರು ಪದರವನ್ನು ಮಾತ್ರ, ಬಿಳಿ ತಾಗದಂತೆ ತುರಿದು ಲೋಟಕ್ಕೆ ಹಾಕಿಕೊಳ್ಳಿ. ಕಿತ್ತಳೆ ಮತ್ತು ಮೂಸಂಬಿಯ ರಸವನ್ನು ದಯವಿಟ್ಟು ಗಟ್ಟಿ ಮಾಡಲು ಹೋಗಬೇಡಿ. ಕೊಡಗಿನ ಕಿತ್ತಳೆ ಸಿಕ್ಕರೆ ಸುಲಿದು ತಿನ್ನಿ, ಅಂತಹ ಹಣ್ಣನ್ನು ಮಿಕ್ಸಿಗೆ ಹಾಕುವುದು ಅನ್ಯಾಯ. ಸಿ ಜೀವಸತ್ವವೇ ಗುರಿಯಾದರೆ ನೆಲ್ಲಿಕಾಯಿ ನಿಂಬೆಗಿಂತ ಎಷ್ಟೋ ಮುಂದಿದೆ; ಅದರ ರಸವನ್ನೂ ಇದೇ ರೀತಿ, ಕುದಿಸದೆ, ಪ್ರತ್ಯೇಕ ಟ್ರೇಯಲ್ಲಿ ಇಡಬಹುದು.

ಜೇನನ್ನು ತುಂಡಿಗೆ ಸೇರಿಸಬಾರದು. ಸಕ್ಕರೆ ಅಂಶ ಹೆಚ್ಚಾದರೆ ರಸ ಕಲ್ಲಿನಂತೆ ಗಟ್ಟಿಯಾಗದೆ ಅಂಟಂಟಾಗಿ ಟ್ರೇ ಬಿಟ್ಟು ಬರುವುದೇ ಇಲ್ಲ. ಅದೂ ಲೋಟದಲ್ಲಿಯೇ ಆಗಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ನೆಕ್ಕಿಸುವುದೂ ತಪ್ಪು. ಬಾಟುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯವಿದೆ, ಅಜ್ಜಿ ಹೇಳಿದರೂ ಬೇಡ.

ಸಲಕರಣೆಯ ಬಗ್ಗೆ ಕೇಳಿದ್ದೀರಿ. ದೊಡ್ಡ ಜ್ಯೂಸರ್ ಯಾವ ಕಾರಣಕ್ಕೂ ಬೇಕಾಗಿಲ್ಲ. ನಮ್ಮ ಹಳೆಯ ಪ್ರೀತಿ ಮಿಕ್ಸಿಯ ಚಟ್ನಿ ಜಾರ್ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ತಿಳಿ ಬಸಿಯಲು ಬೋರೋಸಿಲ್‌ನ ಅಳತೆ ಲೋಟ ಅನುಕೂಲ. ಸಿಲಿಕೋನ್ ಟ್ರೇಯಿಂದ ತುಂಡು ಸುಲಭವಾಗಿ ಬರುತ್ತದೆ, ಆದರೆ ಅದು ವಾಸನೆ ಹಿಡಿದರೆ ಬಿಡುವುದಿಲ್ಲ, ಆದ್ದರಿಂದ ಶುಂಠಿಗೆಂದೇ ಒಂದನ್ನು ಮೀಸಲಿಡಿ. ಗಟ್ಟಿಯಾದ ಕೂಡಲೇ ತುಂಡುಗಳನ್ನು ಗಾಳಿಯಾಡದ ಡಬ್ಬಿಗೆ ಹಾಕಿ ದಿನಾಂಕ ಬರೆದಿಡಿ. ಟ್ರೇಯಲ್ಲೇ ಬಿಟ್ಟರೆ ಪಕ್ಕದ ಮೀನಿನ ವಾಸನೆ ಇದಕ್ಕೂ, ಇದರ ವಾಸನೆ ಐಸ್‌ಕ್ರೀಮಿಗೂ ಹತ್ತುತ್ತದೆ. ಗಾಜಿನ ಬಾಟಲಿಯಲ್ಲಿ ಕಂಠದವರೆಗೆ ತುಂಬಿ ಇಡಬೇಡಿ, ನೀರು ಗಟ್ಟಿಯಾಗುವಾಗ ಶೇ. 9ರಷ್ಟು ಹಿಗ್ಗಿ ಬಾಟಲಿ ಸೀಳುತ್ತದೆ. −18 ಡಿಗ್ರಿಯಲ್ಲಿ ಮೂರು ತಿಂಗಳವರೆಗೆ ರುಚಿ ಕೆಡುವುದಿಲ್ಲ. ಕರೆಂಟು ಪದೇ ಪದೇ ಹೋಗುವ ನಮ್ಮಂಥ ಊರಿನವರು ಒಂದು ಲೋಟ ನೀರನ್ನು ಗಟ್ಟಿ ಮಾಡಿ ಅದರ ಮೇಲೆ ನಾಣ್ಯವಿಟ್ಟು ಫ್ರೀಜರ್‌ನಲ್ಲೇ ಬಿಡಬೇಕು. ಊರಿಂದ ಬಂದಾಗ ನಾಣ್ಯ ತಳ ಸೇರಿದ್ದರೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆಗ ತುಂಡುಗಳ ಆಸೆ ಬಿಡಿ.

ದಿನಕ್ಕೆ ಒಂದು ಶುಂಠಿ ತುಂಡು, ಒಂದು ನಿಂಬೆ ತುಂಡು, ಒಂದು ದೊಡ್ಡ ಲೋಟ ಉಗುರುಬೆಚ್ಚಗಿನ ನೀರು. ಇಷ್ಟೇ ಸಾಕು. ಅಂಗಡಿಯ ಪುಟ್ಟ ಬಾಟಲಿಗಳನ್ನು ನೋಡಿ ಗಟ್ಟಿ ರಸವನ್ನೇ ಗಂಟಲಿಗೆ ಸುರಿದುಕೊಳ್ಳುವುದು ಹಲ್ಲಿನ ಎನಾಮಲ್‌ಗೂ ಹೊಟ್ಟೆಗೂ ಒಳ್ಳೆಯದಲ್ಲ. ಕುಡಿದ ತಕ್ಷಣ ಹಲ್ಲುಜ್ಜಲೂಬಾರದು. ಕೊರೊನಾ ಕಾಲದಲ್ಲಿ ದಿನಕ್ಕೆ ನಾಲ್ಕು ಸಲ ಕಷಾಯ ಕುಡಿದು ಎದೆಯುರಿ ತಂದುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಗಂಟಲಿಗೆ ಹಿತ, ಬಾಯಿಗೆ ರುಚಿ, ಊಟ ಕರಗಲು ಸಹಾಯ ಎಂಬಲ್ಲಿಗೆ ಇದರ ಕೆಲಸ ಮುಗಿಯುತ್ತದೆ, ಕಾಯಿಲೆ ಬರದಂತೆ ತಡೆಯುವ ಮದ್ದು ಎಂದು ಮಾತ್ರ ಯಾರೂ ಹಂಚಬೇಡಿ. ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು, ಬಸುರಿಯರು ವೈದ್ಯರನ್ನು ಕೇಳದೆ ದಿನವೂ ಕುಡಿಯಬಾರದು.

ಇನ್ನು ಈಗಿರುವ ಮೂರು ಟ್ರೇಗಳ ವಿಷಯ. ಗೆಡ್ಡೆ ಉಪಚಾರ ಮಾಡದ್ದೆಂದು ಖಚಿತವಾದರೆ ಎಸೆಯಬೇಕಾಗಿಲ್ಲ, ಆದರೆ ಹುಟ್ಟಿದ ಕಹಿಯನ್ನು ತೆಗೆಯುವ ದಾರಿ ಅಡುಗೆಮನೆಯಲ್ಲಿಲ್ಲ; ಇನ್ನಷ್ಟು ಜೇನು ಸುರಿದರೆ ಜೇನೂ ದಂಡ. ಕಂಚಿಕಾಯಿ, ಹೇರಳೆಕಾಯಿ ಗೊಜ್ಜಿನ ಕಹಿಯನ್ನು ಇಷ್ಟಪಟ್ಟು ತಿನ್ನುವವರು ನಾವು, ಹಾಗಾಗಿ ಇದನ್ನೂ ಗೊಜ್ಜಿಗೇ ಬಳಸಿ. ಹಸಿಮೆಣಸು, ಸಾಸಿವೆ, ಇಂಗಿನ ಒಗ್ಗರಣೆಗೆ ಎರಡು ತುಂಡು ಹಾಕಿ, ಕರಗಿದ ಮೇಲೆ ನಿಂಬೆ ಗಾತ್ರದ ಬೆಲ್ಲ, ಉಪ್ಪು, ಹುರಿದು ಪುಡಿ ಮಾಡಿದ ಎಳ್ಳು ಸೇರಿಸಿ ಗಟ್ಟಿಯಾಗುವವರೆಗೆ ಕುದಿಸಿ. ಹುಣಸೆಯನ್ನು ಕೊನೆಗೆ ರುಚಿ ನೋಡಿ ಹಾಕಿ, ತುಂಡಿನಲ್ಲಿ ಆಗಲೇ ಹುಳಿಯಿದೆ. ಅರಿಶಿನದ ಪುಡಿ ಮತ್ತೆ ಹಾಕಬೇಡಿ.