ಒಂದೇ ವರ್ಷದ ಬಾಸ್ ಮರಿಗಳಲ್ಲಿ ಇಷ್ಟು ವ್ಯತ್ಯಾಸ ಯಾಕೆ?

ಒಂದೇ ಜಲಾಶಯ, ಒಂದೇ ವಸಂತದಲ್ಲಿ ಹುಟ್ಟಿದ, ಸಿಹಿನೀರಿನ ಬೇಟೆ ಮೀನಾದ ಲಾರ್ಜ್‌ಮೌತ್ ಬಾಸ್ ಮರಿಗಳು. ಶರತ್ಕಾಲದ ಹೊತ್ತಿಗೆ ಕೆಲವು ಬೆರಳುದ್ದ, ಕೆಲವು ಅದರ ಎರಡರಷ್ಟು, ತಳಿಯೇ ಬೇರೆಯಾ ಅಂತ ಕೇಳಿದ್ದೀರಿ. ತಳಿಗಿಂತ ಮೊದಲು ಅವು ಏನು ತಿಂದವು ಅನ್ನೋದನ್ನು ನೋಡಿ.

ನೀರು ಸುಮಾರು 16 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೊಟ್ಟೆಯಿಡೋದು ಶುರುವಾಗಿ ವಾರಗಟ್ಟಲೆ ನಡೆಯುತ್ತೆ. ಮರಿಗಳು ಮೊದಲು ತಿನ್ನೋದು ನೀರಲ್ಲಿ ತೇಲೋ ಸೂಕ್ಷ್ಮ ಪ್ರಾಣಿಗಳನ್ನು, ಆಮೇಲೆ ಹುಳುಹುಪ್ಪಟೆ, ಕೊನೆಗೆ ಬೇರೆ ಮೀನಿನ ಮರಿ. ಈ ಕೊನೇ ಹಂತವೇ ನಿರ್ಣಾಯಕ. ಬೇಗ ಹುಟ್ಟಿದವು, ಗಿಝರ್ಡ್ ಶ್ಯಾಡ್ ಅನ್ನೋ ಮೀನಿನ (ಬಾಸ್‌ಗೆ ಇದು ಆಹಾರ) ಮರಿಗಳು ಬರೋ ಹೊತ್ತಿಗೆ ಅವನ್ನು ನುಂಗುವಷ್ಟು ಬೆಳೆದಿರುತ್ತವೆ. ತಡವಾಗಿ ಹುಟ್ಟಿದವಕ್ಕೆ ಆ ಅವಕಾಶ ತಪ್ಪುತ್ತೆ. ಶ್ಯಾಡ್ ಅಷ್ಟರಲ್ಲಿ ದಪ್ಪಗಾಗಿ ಬಾಯಿಗೆ ಹಿಡಿಸೋದೇ ಇಲ್ಲ. ಹುಳು ತಿಂದುಕೊಂಡೇ ಉಳಿದ ಮರಿ ಅಲ್ಲಿಂದ ಹಿಂದೆ ಬೀಳುತ್ತಲೇ ಹೋಗುತ್ತೆ. ಚಳಿಗಾಲ ಉದ್ದವಿರೋ ಕಡೆ, ಮೈಯಲ್ಲಿ ಕೊಬ್ಬು ಸಾಲದೆ ಹೆಚ್ಚು ಸಾಯೋದೂ ಇವೇ.

ದಡದ ಗಿಡಗಂಟಿಯನ್ನೂ ಗಮನಿಸಿ. ನೀರು ಏರಿ ಪೊದೆ, ಹುಲ್ಲು ಮುಳುಗಿದ ವಸಂತದಲ್ಲಿ ಮರೆ ಸಿಕ್ಕಿ ಹೆಚ್ಚು ಮರಿ ಉಳಿಯುತ್ತವೆ. ಆದ್ರೆ ಜಲಸಸ್ಯ ತೀರಾ ಒತ್ತಾದರೆ ಬೇಟೆಯೇ ಕಷ್ಟ. ಟೆಕ್ಸಾಸ್‌ನ ಕಾನ್ರೋ ಜಲಾಶಯದಲ್ಲಿ 1980ರ ದಶಕದಲ್ಲಿ ಜಲಸಸ್ಯ ತಿನ್ನೋ ಹುಲ್ಲುಗೆಂಡೆ ಮೀನು (ಗ್ರಾಸ್ ಕಾರ್ಪ್) ಬಿಟ್ಟು ಸಸ್ಯ ತೆಗೆದ ಮೇಲೆ ಬಾಸ್ ಮರಿಗಳು ಮೊದಲಿಗಿಂತ ಚಿಕ್ಕ ಗಾತ್ರದಲ್ಲೇ ಮೀನು ತಿನ್ನೋಕೆ ಶುರುಮಾಡಿದವು. ಹಾಗಂತ ದಡವನ್ನು ಪೂರ್ತಿ ಬೋಳು ಮಾಡೋದನ್ನು ನಾನಂತೂ ಒಪ್ಪಲ್ಲ, ಸಣ್ಣವಕ್ಕೆ ಅಡಗೋ ಜಾಗ ಬೇಕೇ ಬೇಕು.

ಅಲ್ಲಿನ ನಿಯಮ ಒಪ್ಪೋದಾದರೆ, ಒಂದೆರಡು ಸಣ್ಣ ಮರಿಗಳ ಹೊಟ್ಟೆ ಸೀಳಿ ನೋಡಿ. ಹುಳುವಿನ ಕಾಲು, ರೆಕ್ಕೆ ಮಾತ್ರ ಇದ್ದು ಮೀನಿನ ಮುಳ್ಳು ಒಂದೂ ಕಾಣದಿದ್ದರೆ, ತಳಿಯ ಅನುಮಾನ ಬದಿಗಿಡಿ.